ಮುಟ್ಟಬಾರದ ಎರಡು ಹೆಸರು

ಒಂದು ದೊಡ್ಡ ಪೆಟ್ಟಿಗೆ, ಅದಕ್ಕೆ ತಂತಿ ಕಟ್ಟಿದ ಮೂರು ಪರದೆ, ಪರದೆಗಳ ಮುಂದೆ ನಾವು ಮೂವರು. ಎಂಬತ್ತೊಂಬತ್ತರ ಬೇಸಿಗೆಯಿಂದ ಚನ್ನಗಿರಿಯ ಅಡಿಕೆ ಮಂಡಿಯೊಂದರ ಮಹಡಿಯ ಮೇಲೆ ನಮ್ಮ ಕೆಲಸ ನಡೆದಿತ್ತು. ಶಿವಮೊಗ್ಗದ ಒಂದು ಖಾಸಗಿ ಕಂಪನಿ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ರೇಷನ್ ಕಾರ್ಡಿನ ಕುಟುಂಬಗಳನ್ನು ಕಂಪ್ಯೂಟರಿಗೆ ತುಂಬುವ ಗುತ್ತಿಗೆ ಹಿಡಿದಿತ್ತು. ಕೆಳಗೆ ಅಂಗಳದಲ್ಲಿ ಅಡಿಕೆ ಸುರಿಯುವ ಸದ್ದು, ಮೇಲೆ ನಾವು ಹೆಸರು ಕುಟ್ಟುವ ಸದ್ದು.

ಮೂವರೆಂದರೆ ನಾನು ಗಾದ್ರಪ್ಪ, ನನ್ನ ಗೆಳೆಯ ಜಂಪಣ್ಣ, ಮತ್ತು ಹೊನ್ನೂರಮ್ಮ. ನಾನೂ ಜಂಪಣ್ಣನೂ ಜಗಳೂರು ಕಡೆಯವರು. ದಾವಣಗೆರೆಯ ಹಾಸ್ಟೆಲಿನಲ್ಲಿ ಮೂರು ವರ್ಷ ಹದಿನಾಲ್ಕನೇ ನಂಬರಿನ ಕೋಣೆಯಲ್ಲಿ ಒಟ್ಟಿಗಿದ್ದವರು. ಇಬ್ಬರಿಗೂ ಸೇರಿ ಒಂದು ಬಕೆಟ್ಟು, ಒಂದು ಇಸ್ತ್ರಿ ಪೆಟ್ಟಿಗೆ. ಹೊನ್ನೂರಮ್ಮ ನಲ್ಲೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ನಲವತ್ತರ ಹತ್ತಿರದ ಹೆಂಗಸು. ಮೊದಲು ಬಸ್ ನಿಲ್ದಾಣದ ಹಿಂದಿನ ಟೈಪಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದಳು. ನನಗೆ ಟೈಪಿಂಗ್ ಕಲಿಸಿದ್ದು ಅವಳೇ, ಈ ಕೆಲಸಕ್ಕೆ ನನ್ನ ಹೆಸರು ಹೇಳಿದ್ದೂ ಅವಳೇ. ನಾನು ಸೇರಿ ಹದಿನೈದು ದಿನಕ್ಕೆ ಜಂಪಣ್ಣನ ಹೆಸರು ಹೇಳಿದೆ.

ಅವಳ ಗಂಡ ಹೊಸದುರ್ಗದಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದ. ಅವಳು ತಮ್ಮನ ಮನೆಯಲ್ಲಿದ್ದಳು. ಕೆಲಸ ಇರುವವರೆಗೆ ಆ ಮನೆಯಲ್ಲಿ ಅವಳಿಗೆ ಬಾಗಿಲಿರುವ ಒಂದು ಕೋಣೆ. ಕೆಲಸ ಇಲ್ಲದಿದ್ದರೆ ಅಡಿಗೆಮನೆ. ಇದನ್ನು ಅವಳೇ ಒಮ್ಮೆ ಹೇಳಿದ್ದಳು, ಬಸ್ಸಿನ ಟೈಮು ಹೇಳುವಷ್ಟು ಸಲೀಸಾಗಿ.

ನಮ್ಮ ದೊಡ್ಡ ತಲೆನೋವು ಕರೆಂಟು. ವೋಲ್ಟೇಜು ಬಿದ್ದು ಎದ್ದರೆ ಯಾವುದಾದರೊಂದು ಪರದೆ ಕಲ್ಲಾಗಿಬಿಡುತ್ತಿತ್ತು. ಏನು ಒತ್ತಿದರೂ ಅಕ್ಷರ ಮೂಡುವುದಿಲ್ಲ. ಆದರೆ ಆ ಪರದೆಯಿಂದ ಓಡುತ್ತಿದ್ದ ಪ್ರೋಗ್ರಾಂ ಮಾತ್ರ ಪೆಟ್ಟಿಗೆಯೊಳಗೆ ಬದುಕಿಯೇ ಇರುತ್ತಿತ್ತು, ತಾನು ತೆರೆದ ಹಳ್ಳಿಯ ಕಡತವನ್ನು ಹಿಡಿದುಕೊಂಡು. ಅದು ಬಿಡುವವರೆಗೆ ಆ ಹಳ್ಳಿಯನ್ನು ಮತ್ತೆ ಯಾರೂ ತೆರೆಯುವಂತಿಲ್ಲ. ನಮಗೆ ಗೊತ್ತಿದ್ದ ಮದ್ದು ಒಂದೇ, ಪೆಟ್ಟಿಗೆಯನ್ನೇ ಆರಿಸಿ ಮತ್ತೆ ಹಚ್ಚುವುದು. ಹಾಗೆ ಮಾಡಿದರೆ ಮೂವರೂ ತುಂಬಿ ಇನ್ನೂ ಉಳಿಸದ ಫಾರಂಗಳು ಹೋಗುತ್ತಿದ್ದವು.

"ಆರಿಸ್ಲೇನ್ರಿ?" ಎಂದು ಜಂಪಣ್ಣ ಸ್ವಿಚ್ಚಿನ ಮೇಲೆ ಕೈಯಿಟ್ಟು ಕೇಳುತ್ತಿದ್ದ.

"ತಡೀಯಪ್ಪ, ನಂದು ಹನ್ನೊಂದು ಫಾರಂ ಅವೆ," ಎನ್ನುತ್ತಿದ್ದಳು ಹೊನ್ನೂರಮ್ಮ.

"ಹನ್ನೊಂದು ಫಾರಮ್ಮಿಗೆ ನಮ್ಮ ಪ್ರಾಣ ತೆಗೀಬೇಡಕ್ಕ. ಟೀಗೆ ಹೊತ್ತಾತು."

ಪೆಟ್ಟಿಗೆಯ ಜೊತೆ ಬಂದಿದ್ದ ದಪ್ಪ ಪುಸ್ತಕ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಮ್ಯಾನೇಜರ್ ತಿಪ್ಪೇರುದ್ರಸ್ವಾಮಿಯ ಬೀರುವಿನಲ್ಲಿತ್ತು. ಹಾಸ್ಟೆಲಿನಲ್ಲಿದ್ದಾಗ ಲೈಬ್ರರಿಯ ಎರಡು ಕಪಾಟನ್ನು ಓದಿ ಮುಗಿಸಿ, ಆಮೇಲೆ ಹೋಮಿಯೋಪತಿ ಪುಸ್ತಕವನ್ನೂ ಓದಿದವನು ನಾನು. ಇದನ್ನೂ ಕೇಳಿ ತೆಗೆದುಕೊಂಡೆ. ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಲು ತಿಂಗಳು ಹಿಡಿಯಿತು.

ಪೆಟ್ಟಿಗೆಯೊಳಗೆ ಓಡುವ ಪ್ರತಿ ಪ್ರೋಗ್ರಾಮಿಗೂ ಒಂದು ನಂಬರು ಇರುತ್ತದೆ, ನಂಬರು ಗೊತ್ತಿದ್ದರೆ ಅದೊಂದನ್ನೇ ನಿಲ್ಲಿಸಬಹುದು, ಉಳಿದವು ತಮ್ಮ ಪಾಡಿಗೆ ನಡೆಯುತ್ತವೆ. ನಿಲ್ಲಿಸುವುದರಲ್ಲಿ ಎರಡು ಬಗೆ. ಒಂದರಲ್ಲಿ ‘ಸಾಮಾನು ಎತ್ತಿಟ್ಟು ಹೊರಡು’ ಎಂದು ಹೇಳಿದ ಹಾಗೆ. ನಮ್ಮ ಪ್ರೋಗ್ರಾಂ ತುಂಬಿದ್ದನ್ನು ಉಳಿಸಿ, ಕಡತ ಬಿಟ್ಟು ಮುಗಿಯುತ್ತಿತ್ತು. ಇನ್ನೊಂದರಲ್ಲಿ ಕತ್ತು ಹಿಸುಕಿದ ಹಾಗೆ. ಇಂಥ ಆದೇಶಗಳನ್ನು ಸಾಲಾಗಿ ಬರೆದಿಟ್ಟರೆ ಅದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ. ಐದೈದು ನಿಮಿಷಕ್ಕೆ ಇದನ್ನು ನಡೆಸು ಎಂದು ಪೆಟ್ಟಿಗೆಯ ಗಡಿಯಾರಕ್ಕೆ ಒಪ್ಪಿಸಿದರೆ ಆಯಿತು, ಮನುಷ್ಯ ಬೇಕಿಲ್ಲ.

ನಾನು ಬರೆದದ್ದು ಇಪ್ಪತ್ತೆರಡು ಸಾಲು. ಪ್ರತಿ ಪರದೆಯಲ್ಲಿ ಕೊನೆಯ ಕೀಲಿ ಒತ್ತಿ ಎಷ್ಟು ನಿಮಿಷವಾಯಿತು ಎಂದು ಅದು ನೋಡುತ್ತಿತ್ತು. ಹದಿನೈದು ದಾಟಿದ್ದರೆ ಪರದೆ ಸತ್ತಿದೆ ಎಂದು ತಿಳಿದು, ಆ ಪ್ರೋಗ್ರಾಮನ್ನು ಮೆಲ್ಲಗೆ ನಿಲ್ಲಿಸುತ್ತಿತ್ತು. ನಿಲ್ಲಿಸಿದಾಗಲೆಲ್ಲ ತಾರೀಖು, ಹೊತ್ತು, ಕೂತವರ ಹೆಸರು, ಇಷ್ಟನ್ನು ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಆ ಬರಹ ನನಗಾಗಿ, ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಲು.

ಮೊದಲ ವಾರ ಒಂದು ಸಲವೂ ಪೆಟ್ಟಿಗೆ ಆರಿಸಲಿಲ್ಲ. ತಿಪ್ಪೇರುದ್ರಸ್ವಾಮಿ ಖುಷಿಯಾಗಿ ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದ.

"ಏನಪಾ ಗಾದ್ರಪ್ಪ, ಇದು ತಾನೇ ನೋಡ್ಕಂಡು ತಾನೇ ನಿಲ್ಸುತ್ತಾ?"

"ಹೌದು ಸಾರ್. ಯಾವಾಗ ಯಾರ್‍ದು ನಿಲ್ಸಿದೆ ಅಂತ ಬರ್‍ದೂ ಇಡುತ್ತೆ."

ಈ ಎರಡನೇ ಮಾತನ್ನು ಯಾರೂ ಕೇಳಿರಲಿಲ್ಲ. ಹೆಮ್ಮೆಗೆ ಹೇಳಿದೆ. ಅವನು ಮಿರ್ಚಿ ಕಚ್ಚುತ್ತಾ ತಲೆಯಾಡಿಸಿದ.

ಎರಡನೇ ವಾರ ಹೊನ್ನೂರಕ್ಕ ನನ್ನ ಕುರ್ಚಿಯ ಹತ್ತಿರ ಬಂದಳು. "ನಿನ್ನ ಆ ಪೋಲೀಸಪ್ಪ ನನ್ನ ಸುಮ್ನೆ ಎಬ್ಸಿ ಕಳಿಸ್ತಾನೆ ಕಣೋ. ನಾನು ಬದುಕೇ ಇದೀನಿ."

ತಪ್ಪು ನನ್ನದು. ಅವಳು ಕೆಲಸ ಮಾಡುವ ರೀತಿ ನನ್ನ ಸಾಲುಗಳಿಗೆ ಗೊತ್ತಿರಲಿಲ್ಲ. ಅವಳು ಫಾರಂ ಕಟ್ಟು ಬಿಚ್ಚಿದರೆ ಮೊದಲು ಇಡೀ ಕಟ್ಟನ್ನು ಓದುತ್ತಿದ್ದಳು. ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು. ನಮ್ಮ ಕಡೆ ಊರಮ್ಮನ ಹೆಸರನ್ನೇ ಮನೆಮನೆಗೂ ಇಡುತ್ತಾರೆ. ಆಮೇಲೆ ಬಂದ ಗೋವಿನಕೋವಿಯ ಒಂದೇ ಕಟ್ಟಿನಲ್ಲಿ ಒಂಬತ್ತು ಅಂತರಘಟ್ಟಮ್ಮರಿದ್ದರು. ಅವರಲ್ಲಿ ಇಬ್ಬರು ‘ಅಂತರಘಟ್ಟಮ್ಮ ಕೋಂ ಬೈಲಪ್ಪ’, ಅಂದರೆ ಬೈಲಪ್ಪನ ಹೆಂಡತಿ ಅಂತರಘಟ್ಟಮ್ಮ. ಊರೂ ಒಂದೇ, ಗಂಡನ ಹೆಸರೂ ಒಂದೇ ಇದ್ದರೆ ಪ್ರೋಗ್ರಾಂ ಎರಡನೆಯದನ್ನು ನಕಲು ಎಂದು ತಳ್ಳಿಬಿಡುತ್ತಿತ್ತು. ಜಂಪಣ್ಣ ನಕಲು ಅಂದರೆ ನಕಲು ಎಂದು ಮುಂದೆ ಹೋಗುತ್ತಿದ್ದ. ನಾನು ಊಹೆ ಮಾಡುತ್ತಿದ್ದೆ. ಹೊನ್ನೂರಕ್ಕ ಎದ್ದು ಕಿಟಕಿಗೆ ಹೋಗಿ, ಕೆಳಗಿನ ಮಂಡಿ ಅಂಗಳಕ್ಕೆ ಕೂಗುತ್ತಿದ್ದಳು.

"ಗೋವಿನಕೋವಿ ಕಡೆಯೋರು ಯಾರಾರ ಇದೀರೇನ್ರಪ್ಪಾ?"

ಯಾರಾದರೂ ಒಬ್ಬರು ಸಿಗುತ್ತಿದ್ದರು. ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರ್ ಕಡೆ ಅನುಮಾನದಿಂದ ನೋಡುತ್ತಾ, "ಯಾವ ಬೈಲಪ್ಪ? ಕುಂಟ ಬೈಲಪ್ಪನಾ, ಗಿರಣಿ ಬೈಲಪ್ಪನಾ?" ಎಂದು ಶುರು ಮಾಡುತ್ತಿದ್ದರು. ಅರ್ಧ ಗಂಟೆ. ಆ ಅರ್ಧ ಗಂಟೆ ಕೀಲಿ ಅಲ್ಲಾಡುತ್ತಿರಲಿಲ್ಲ. ದಿನಕ್ಕೆ ಜಂಪಣ್ಣ ನೂರಿಪ್ಪತ್ತು ಫಾರಂ ತುಂಬಿದರೆ ಅವಳದು ಎಪ್ಪತ್ತು. ಆದರೆ ಶಿವಮೊಗ್ಗದಿಂದ ತಪ್ಪೆಂದು ತಿರುಗಿ ಬರುವ ಫಾರಂಗಳಲ್ಲಿ ಅವಳವು ಇರುತ್ತಲೇ ಇರಲಿಲ್ಲ. ತಿರುಗಿ ಬರಲು ಎರಡು ತಿಂಗಳು ಬೇಕಾಗುತ್ತಿದ್ದರಿಂದ ಅದನ್ನು ಯಾರೂ ಗಮನಿಸುತ್ತಿರಲಿಲ್ಲ.

ನಾನು ಸ್ಕ್ರಿಪ್ಟಿಗೆ ಒಂದು ಪಟ್ಟಿ ಸೇರಿಸಿದೆ: ಇವರನ್ನು ಮುಟ್ಟಬಾರದು. ಅದರಲ್ಲಿ ಅವಳ ಹೆಸರು ಹಾಕಿದೆ. ನನ್ನ ಹೆಸರೂ ಹಾಕಿಕೊಂಡೆ. ಪರೀಕ್ಷೆ ಮಾಡುವಾಗ ನನ್ನನ್ನೇ ನಾನು ನಾಲ್ಕು ಸಲ ನಿಲ್ಲಿಸಿಕೊಂಡಿದ್ದೆ. ಪರೀಕ್ಷೆ ಮುಗಿದ ಮೇಲೆ ನನ್ನ ಹೆಸರು ತೆಗೆಯಬೇಕಿತ್ತು. ಮರೆತೆ ಎಂದು ಎಲ್ಲರಿಗೂ ಹೇಳಿದ್ದೇನೆ. ಮೊದಲ ದಿನ ಮರೆತದ್ದು ನಿಜ.

"ನಿಮ್ಮ ಹೆಸರು ಪಟ್ಟಿಗೆ ಹಾಕಿದೀನಿ, ಇನ್ಮೇಲೆ ಅದು ನಿಮ್ಮುನ್ನ ಮುಟ್ಟಲ್ಲಕ್ಕ," ಎಂದೆ. "ನಿಜವಾಗ್ಲೂ ಪರದೆ ಕಲ್ಲಾದ್ರೆ ನನ್ನ ಕೂಗ್ರಿ, ನಾನೇ ಬಿಡಿಸ್ತೀನಿ."

"ಒಳ್ಳೇದಾತು ಬಿಡು. ಬೇರೆ ಯಾರ್‍ಗೂ ಹೇಳಬ್ಯಾಡ. ಹೆಂಗಸ್ರಿಗೆ ಬೇರೆ ಕಾನೂನು ಅಂತಾರೆ."

ನಾನು ಹೇಳಲಿಲ್ಲ. ಜಂಪಣ್ಣನಿಗೂ.

ಜಂಪಣ್ಣನ ಕತೆ ಬೇರೆ. ಅವನು ಟೀಗೆ ಹೋದರೆ ಮುಕ್ಕಾಲು ಗಂಟೆ. ಹೋಟೆಲಿನ ರೇಡಿಯೋದಲ್ಲಿ ಕ್ರಿಕೆಟ್ ಇದ್ದರೆ ಲೆಕ್ಕವೇ ಇಲ್ಲ. ಅವನು ತೆರೆದ ಹಳ್ಳಿ ಅಷ್ಟು ಹೊತ್ತೂ ಬೀಗ ಹಾಕಿಕೊಂಡಿರುತ್ತಿತ್ತು. ಅವನನ್ನು ಪಟ್ಟಿಗೆ ಸೇರಿಸಿದರೆ ಸ್ಕ್ರಿಪ್ಟ್ ಬರೆದು ಉಪಯೋಗವೇ ಇರಲಿಲ್ಲ. ಒಂದು ದಿನ ತಿರುಗಿ ಬಂದು ನೋಡಿದರೆ ಪರದೆ ಖಾಲಿ.

"ಲೇ ಗಾದ್ರಿ! ನಂದೂ ನಿಲ್ಸುತ್ತೇನ್ಲೇ ಇದು?"

"ಕೀಲಿ ಅಲ್ಲಾಡ್ಬೇಕು ಕಣೋ. ಅಷ್ಟೇ ಅದಕ್ಕೆ ಗೊತ್ತಾಗೋದು. ಹದಿನೈದು ನಿಮಿಷ ಅಲ್ಲಾಡ್ಲಿಲ್ಲ ಅಂದ್ರೆ ನೀನು ಸತ್ತೆ."

"ಯಾವ ಕೀಲಿಯಾದ್ರೂ ಆತಾ?"

"ಯಾವ್ದಾದ್ರೂ."

ಮರುದಿನ ಅವನು ಮಂಡಿಯಿಂದ ಒಂದು ಗೋಟಡಿಕೆ ತಂದ. ಹಣ್ಣಾಗಿ ಒಣಗಿದ ಇಡೀ ಅಡಿಕೆ, ಕಲ್ಲಿನಂತೆ ಗಟ್ಟಿ. ಫಾರಮ್ಮಿನ ಕೊನೆಯ ‘ಷರಾ’ ಕಾಲಂ ನಾವು ಖಾಲಿ ಬಿಡುತ್ತಿದ್ದದ್ದು. ಕರ್ಸರನ್ನು ಅಲ್ಲಿಗೆ ತಂದು, ಉದ್ದನೆಯ ಸ್ಪೇಸ್ ಕೀಲಿಯ ಅಂಚಿಗೆ ಅಡಿಕೆಯನ್ನು ಸಿಕ್ಕಿಸಿದ. ಷರಾ ಕಾಲಮ್ಮಿನಲ್ಲಿ ಖಾಲಿ ಜಾಗ ತಾನೇ ತಾನಾಗಿ ಓಡತೊಡಗಿತು. ನಾನು ಬಿದ್ದು ಬಿದ್ದು ನಕ್ಕೆ. ಹೊನ್ನೂರಕ್ಕ ಕನ್ನಡಕದ ಮೇಲಿಂದ ನೋಡಿ, "ಅಡಿಕೆಗಿರೋ ನಿಯತ್ತು ನಿನಗಿಲ್ವಲ್ಲೋ," ಎಂದಳು. ಜಂಪಣ್ಣ ಅಡಿಕೆಗೆ ಕೈಮುಗಿದು ಟೀಗೆ ಹೋದ.

ಜುಲೈಯಲ್ಲಿ ಶಿವಮೊಗ್ಗದಿಂದ ಕಾಗದ ಬಂತು. ಆಗಸ್ಟ್ ಕೊನೆಗೆ ಮೂವರಲ್ಲಿ ಇಬ್ಬರನ್ನು ಕಾಯಂ ಮಾಡುತ್ತಾರೆ, ಒಬ್ಬರನ್ನು ಬಿಡಿಸುತ್ತಾರೆ. ಯಾರನ್ನು ಎಂದು ತಿಪ್ಪೇರುದ್ರಸ್ವಾಮಿ ಬರೆದು ಕಳಿಸಬೇಕು, ಕಾರಣದ ಸಮೇತ.

ಕಾಗದ ಬಂದ ದಿನದಿಂದ ಜಂಪಣ್ಣ ಟೀಗೆ ಹೋಗುವುದು ಕಡಿಮೆ ಮಾಡಿದ. ಹೊನ್ನೂರಕ್ಕ ಒಂದು ಗಂಟೆ ಮುಂಚಿನ ಬಸ್ಸಿಗೆ ಬರತೊಡಗಿದಳು. ನಾನು ಹೆದರಿರಲಿಲ್ಲ. ಸ್ಕ್ರಿಪ್ಟ್ ಬರೆದವನನ್ನು ಯಾರು ತೆಗೆಯುತ್ತಾರೆ?

ಆ ತಿಂಗಳಲ್ಲೇ ಅಕ್ಕನ ಮಗುವಿಗೆ ಹೆಸರಿಡುವ ಕಾರ್ಯಕ್ಕೆ ಊರಿಗೆ ಹೋದೆ, ನಾಲ್ಕು ದಿನ. ಹೊರಡುವಾಗ ಜಂಪಣ್ಣನಿಗೆ ಹೇಳಿದೆ: "ಏನಾದ್ರೂ ಕೆಟ್ರೆ ನೀನೇ ಒಳಗೆ ಹೋಗಿ ನೋಡು. ಗುಟ್ಟಿನ ಪದ ನಮ್ಮ ಕೋಣೆ ನಂಬರು."

"ಹದಿನಾಲ್ಕಾ? ಇಷ್ಟನ್ನ ಹೇಳಾಕೆ ಇಷ್ಟು ದಿನ ಬೇಕಾತಾ ನಿಂಗೆ?"

ನಾನು ತಿರುಗಿ ಬಂದ ಮೇಲೆ ಹೊನ್ನೂರಕ್ಕ ಎರಡು ಮೂರು ಸಲ ಹೇಳಿದಳು. "ಯಾಕೋ ನನ್ನ ಪರದೆ ಮತ್ತೆ ಎದ್ದೋಗ್ತಾ ಐತೆ ಕಣಪ್ಪ. ಕಟ್ಟು ಓದಿ ತಿರುಗಿ ನೋಡೋದ್ರಾಗೆ ಖಾಲಿ."

"ವೋಲ್ಟೇಜಕ್ಕ," ಎಂದೆ. ತಲೆಯೆತ್ತಿ ನೋಡಲೂ ಇಲ್ಲ. ಫಾರಂ ಯಾವುದೂ ಹೋಗುತ್ತಿರಲಿಲ್ಲ, ನನ್ನ ಸ್ಕ್ರಿಪ್ಟ್ ಉಳಿಸಿಯೇ ನಿಲ್ಲಿಸುತ್ತಿತ್ತಲ್ಲ. ಅವಳು ಮತ್ತೆ ಒಳಗೆ ಹೋಗಿ ಮುಂದುವರಿಸುತ್ತಿದ್ದಳು. ಆಮೇಲೆ ಹೇಳುವುದನ್ನೇ ಬಿಟ್ಟಳು.

ಆಗಸ್ಟ್ ಇಪ್ಪತ್ತನಾಲ್ಕಕ್ಕೆ ತಿಪ್ಪೇರುದ್ರಸ್ವಾಮಿ ನಮ್ಮನ್ನು ತನ್ನ ಕೋಣೆಗೆ ಕರೆದ. ಮೇಜಿನ ಮೇಲೆ ಪ್ರಿಂಟರಿನಿಂದ ತೆಗೆದ ಉದ್ದನೆಯ ಕಾಗದ, ಎರಡೂ ಅಂಚಿಗೆ ತೂತಿರುವಂಥದು, ಮಡಿಕೆ ಬಿಚ್ಚಿಕೊಂಡು ನೆಲಕ್ಕೆ ಇಳಿದಿತ್ತು. ನನ್ನ ಸ್ಕ್ರಿಪ್ಟ್ ಬರೆದಿಟ್ಟ ಕಡತ ಅದು. ಕೆಂಪು ಪೆನ್ನಿನಲ್ಲಿ ಒಂದೇ ಹೆಸರಿಗೆ ಗೆರೆ ಎಳೆದಿದ್ದ.

"ನೋಡ್ರಿ, ನಾನು ಯಾರ್‍ಗೂ ಅನ್ಯಾಯ ಮಾಡೋನಲ್ಲ. ಯಂತ್ರಾನೇ ಬರ್‍ದೈತೆ. ಒಂದು ತಿಂಗ್ಳಿಗೆ ಜಂಪಣ್ಣ ನಾಕು ಸಲ ಕೈಕಟ್ಟಿ ಕೂತಿದಾನೆ. ಗಾದ್ರಪ್ಪ ಒಂದು ಸಲಾನೂ ಇಲ್ಲ. ಹೊನ್ನೂರಮ್ನೋರೆ, ನಿಮ್ದು ಅರವತ್ತೊಂದು."

ಹೊನ್ನೂರಕ್ಕ ಕಾಗದ ತೆಗೆದುಕೊಂಡು ಓದಿದಳು, ಫಾರಂ ಕಟ್ಟು ಓದುವ ಹಾಗೆ, ಮೊದಲಿನಿಂದ ಕೊನೆಯವರೆಗೆ.

"ನಾನು ಆವಾಗ ಓದ್ತಿರ್‍ತೀನಿ ಸಾರ್. ಓದೋವಾಗ ಕೀಲಿ ಒತ್ತಾಕೆ ಬರಲ್ಲ."

"ಅವ್ರಿಬ್ರೂ ಓದಲ್ವೇನ್ರಿ?"

ಅವಳು ನನ್ನ ಕಡೆ ತಿರುಗಿದಳು. "ಗಾದ್ರಿ, ನೀನೇ ಹೇಳಪ್ಪ. ನಿಮ್ಮ ಹೆಸರು ಪಟ್ಟಿಗೆ ಹಾಕಿದೀನಿ, ಅದು ನಿಮ್ಮುನ್ನ ಮುಟ್ಟಲ್ಲ ಅಂದಿದ್ಯಲ್ಲ?"

"ಏನು ಪಟ್ಟಿ?" ಎಂದ ಮ್ಯಾನೇಜರ್.

ಆ ಪಟ್ಟಿ ಹೊರಗೆ ಬಂದರೆ ನನ್ನ ಹೆಸರೂ ಹೊರಗೆ ಬರುತ್ತಿತ್ತು. ಒಂದು ಸಲವೂ ಕೈಕಟ್ಟಿ ಕೂರದ ಗಾದ್ರಪ್ಪ ಯಾಕೆ ಕೂರಲಿಲ್ಲ ಎಂದು ಗೊತ್ತಾಗುತ್ತಿತ್ತು. ಇದನ್ನು ಯೋಚಿಸಲು ನನಗೆ ಎಷ್ಟು ಹೊತ್ತು ಬೇಕಾಯಿತು ಎಂದರೆ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಹೊತ್ತೇ ಬೇಕಾಗಲಿಲ್ಲ.

"ಏನಿಲ್ಲ ಸಾರ್," ಎಂದೆ. "ಮೊದ್ಲು ಪರೀಕ್ಷೆಗೆ ಅಂತ ಏನೋ ಮಾಡಿದ್ದೆ."

ಹೊನ್ನೂರಕ್ಕ ನನ್ನನ್ನು ನೋಡಿದಳು. ಕಾಗದವನ್ನು ಅದರ ಮಡಿಕೆಯಂತೆಯೇ ಮಡಿಸಿ ಮೇಜಿನ ಮೇಲಿಟ್ಟಳು. "ಆತು ಬಿಡ್ರಿ," ಎಂದು ಹೊರಗೆ ಹೋದಳು.

ನಾನು ನೇರ ಪೆಟ್ಟಿಗೆಯ ಹತ್ತಿರ ಹೋಗಿ ಪಟ್ಟಿ ತೆರೆದೆ. ಒಂದೇ ಹೆಸರಿತ್ತು. ನನ್ನದು. ಪಟ್ಟಿಯನ್ನು ಕೊನೆಯ ಸಲ ತಿದ್ದಿದ ತಾರೀಖು ನಾನು ಊರಿನಲ್ಲಿ ತೊಟ್ಟಿಲ ಪಕ್ಕ ಹೋಳಿಗೆ ತಿನ್ನುತ್ತಿದ್ದ ದಿನ.

ಜಂಪಣ್ಣ ಹೋಟೆಲಿನಲ್ಲಿದ್ದ. ನಾನು ಎದುರಿಗೆ ಕೂತೆ.

"ಯಾಕ್ಲೇ ಮಾಡಿದೆ?"

ಅವನು ಏನು ಎಂದು ಕೇಳಲಿಲ್ಲ. ಬ್ರೆಡ್ಡನ್ನು ಟೀಯಲ್ಲಿ ಅದ್ದುತ್ತಾ ಹೇಳಿದ: "ಪಟ್ಟಿ ನೋಡಿದೆ. ಎರಡು ಹೆಸರು ಇತ್ತು. ಮೂರು ಜನ ಇರೋ ಆಫೀಸು. ಮೂರು ವರ್ಷ ನಿನ್ನ ಜತೆ ಒಂದೇ ಬಕೆಟ್ನಾಗೆ ಸ್ನಾನ ಮಾಡೀನಿ. ನಾನು ಕೋತಿ ಥರ ಅಡಿಕೆ ಸಿಕ್ಕಿಸ್ತಿದ್ರೆ ನೀನು ನಗ್ತಿದ್ದೆ. ನನ್ನ ಹೆಸರು ಹಾಕಾಕೆ ನಿಂಗೆ ಕೈ ಬರ್‍ಲಿಲ್ಲ."

"ನೀನು ಟೀಗೆ ಹೋದ್ರೆ ಒಂದು ಗಂಟೆ ಬರಲ್ಲ."

"ಅದನ್ನ ನನಗೆ ಹೇಳ್ಬೋದಿತ್ತು."

"ಸಿಟ್ಟಿದ್ರೆ ನನ್ನ ಹೆಸರು ತೆಗೀಬೇಕಿತ್ತು. ಅವ್ಳೇನು ಮಾಡಿದ್ಲು?"

"ನಿಂದೂ ತೆಗ್ದಿದ್ದೆ. ಮತ್ತೆ ಹಾಕಿದೆ." ಬ್ರೆಡ್ಡು ಟೀಯೊಳಗೆ ಮುರಿದು ಬಿತ್ತು. ಅವನು ಚಮಚಕ್ಕಾಗಿ ಸುತ್ತ ನೋಡಿದ. "ಮೂರ್‍ರಾಗೆ ಒಬ್ರು ಹೋಗ್ಬೇಕು. ನೀನು ಹೋದ್ರೆ ನಂಗೆ ಆಗಲ್ಲ, ನಾನು ಹೋಗಾಕೆ ಆಗಲ್ಲ. ಉಳಿದೋರು ಯಾರು, ನೀನೇ ಹೇಳು. ಈಗ ಹೋಗಿ ಮ್ಯಾನೇಜರ್‍ಗೆ ಹೇಳ್ತೀಯಾ? ಹೇಳು ಹೋಗು. ನಾನು ತಡೆಯಲ್ಲ."

ನಾನು ಅವನ ಟೀ ಚೆಲ್ಲಿ ಎದ್ದು ಹೋದೆ. ಬಟ್ಟಲು ಒಡೆಯಿತು. ಹೋಟೆಲಿನವನು ಬೈದ. ಅಷ್ಟೇ ನಾನು ಮಾಡಿದ ಜಗಳ.

ಮ್ಯಾನೇಜರಿಗೆ ಹೇಳಿದ್ದು ಎರಡು ದಿನ ಬಿಟ್ಟು. ಪಟ್ಟಿ, ನನ್ನ ಹೆಸರು, ಅವಳ ಹೆಸರು, ಅಡಿಕೆ, ಎಲ್ಲ ಹೇಳಿದೆ. ತಿಪ್ಪೇರುದ್ರಸ್ವಾಮಿ ಪೂರ್ತಿ ಕೇಳಿಸಿಕೊಂಡ. ಅವನು ಕೆಟ್ಟ ಮನುಷ್ಯನಲ್ಲ, ಸೋಮಾರಿ.

"ನಿನ್ನೆ ಟಪಾಲಿಗೆ ಹಾಕಿಬಿಟ್ಟೆ ಕಣಪಾ. ಆ ಕಾಗದಾನೂ ಜತೆಗೇ ಹೋತು. ಈಗ ನೀನು ಹೇಳಿದ್ದು ಬರೆದ್ರೆ ಏನಾಗುತ್ತೆ ಗೊತ್ತಾ? ಆಕೀನ ವಾಪಸ್ ತಗಂತಾರೋ ಇಲ್ವೋ, ನಿಮ್ಮಿಬ್ರುನ್ನೂ ತೆಗೀತಾರೆ. ಆಮೇಲೆ ನನ್ನ ಕೇಳ್ತಾರೆ, ನೀನೇನು ಕತ್ತೆ ಕಾಯ್ತಿದ್ದೆ ಅಂತ. ಬರೀಬೇಕಾ? ನೀನು ಬರಿ ಅಂದ್ರೆ ಬರೀತೀನಿ."

ಅವನು ನಿಜವಾಗಿಯೂ ಪೆನ್ನಿನ ಮುಚ್ಚಳ ತೆಗೆದ. ಕೆಳಗೆ ಮಂಡಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ಹೊಡೆಯುತ್ತಾ ಬಾ ಬಾ ಬಾ ಎನ್ನುತ್ತಿದ್ದರು. ನಾನು ಬೇಡ ಎನ್ನಲಿಲ್ಲ, ಬರೆಯಿರಿ ಎಂದೂ ಅನ್ನಲಿಲ್ಲ. ಅವನು ಮುಚ್ಚಳ ಹಾಕಿದ.

"ಹೋಗು, ಕೆಲ್ಸ ನೋಡು."

ತಿಂಗಳ ಕೊನೆಯ ದಿನ ಹೊನ್ನೂರಕ್ಕ ಎಂದಿನಂತೆ ಐದರವರೆಗೆ ಕೆಲಸ ಮಾಡಿದಳು. ಅರ್ಧ ಓದಿದ್ದ ಗೋವಿನಕೋವಿಯ ಕಟ್ಟಿಗೆ ದಾರ ಕಟ್ಟಿ, ಕನ್ನಡಕದ ಡಬ್ಬಿ, ಪೆನ್ಸಿಲು, ಕುರ್ಚಿಗೆ ಹಾಕಿಕೊಂಡಿದ್ದ ತುಂಡು ಜಮಖಾನೆ ಎತ್ತಿಕೊಂಡು ಮೆಟ್ಟಿಲಿಳಿದಳು. ಜಂಪಣ್ಣ ಕಿಟಕಿ ಹತ್ತಿರ ನಿಂತಿದ್ದ. ನಾನು ಟೈಪು ಮಾಡುತ್ತಿದ್ದೆ.

ನನಗೂ ಜಂಪಣ್ಣನಿಗೂ ಮಾತು ನಿಂತಿತು. ಬಾಡಿಗೆ ಕೋಣೆ ಒಂದೇ ಇದ್ದದ್ದರಿಂದ ನಿಂತ ಮಾತಿನ ಜೊತೆಗೇ ಮಲಗಬೇಕಾಗಿತ್ತು.

ಅಕ್ಟೋಬರಿನಲ್ಲಿ ಗೋವಿನಕೋವಿಯವರು ಬಂದರು. ಹತ್ತು ಹನ್ನೆರಡು ಜನ, ಹೆಂಗಸರೇ ಹೆಚ್ಚು. ಪಟ್ಟಿಯಲ್ಲಿ ಹೆಸರಿಲ್ಲ, ಕಾರ್ಡಿಲ್ಲ, ಸೊಸೈಟಿಯಲ್ಲಿ ಸಕ್ಕರೆ ಸೀಮೆಎಣ್ಣೆ ಕೊಡುತ್ತಿಲ್ಲ. ಹೊನ್ನೂರಕ್ಕ ಬಿಟ್ಟು ಹೋದ ಕಟ್ಟನ್ನು ಜಂಪಣ್ಣ ತುಂಬಿದ್ದ. ಇಬ್ಬರು ಬೈಲಪ್ಪರ ಇಬ್ಬರು ಅಂತರಘಟ್ಟಮ್ಮರು ಒಬ್ಬಳಾಗಿದ್ದರು. ಮಾಯವಾದವಳು ಎದುರಿಗೇ ನಿಂತು, "ನಾನು ಗಿರಣಿ ಬೈಲಪ್ಪನ ಹೆಂಡ್ರು ಕಣ್ರಿ. ಹೋದ ಸಲ ಬಂದಾಗ ಕನ್ನಡಕದಕ್ಕ ಬರ್‍ಕಂಡಿದ್ಲಲ್ಲ, ಎಲ್ಲಿ ಆಕಿ?" ಎಂದಳು.

"ಹೋಗಿ ಕೇಳ್ಕಂಡು ಬಾ," ಎಂದು ತಿಪ್ಪೇರುದ್ರಸ್ವಾಮಿ ಕಟ್ಟನ್ನು ನನ್ನ ಕೈಗೆ ಕೊಟ್ಟ. ಅವಳು ಪೆನ್ಸಿಲಿನಲ್ಲಿ ಹಾಕಿದ್ದ ಗುರುತುಗಳು ನಮಗೆ ಯಾರಿಗೂ ಓದಲು ಬರುತ್ತಿರಲಿಲ್ಲ.

ತಾಲ್ಲೂಕು ಕಚೇರಿಯ ಕಾಂಪೌಂಡಿನ ಹೊರಗೆ, ಛಾಪಾ ಕಾಗದ ಮಾರುವವನ ಪಕ್ಕ, ಅವಳು ಹಳೇ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದಳು. ಯಾರದೋ ಅರ್ಜಿ ಟೈಪು ಮಾಡುತ್ತಿದ್ದಳು. ಕುರ್ಚಿಯ ಮೇಲೆ ಅದೇ ಜಮಖಾನೆ. ನಾನು ನಿಂತೆ. ಅರ್ಜಿ ಮುಗಿಸಿ, ಕಾಗದ ಎಳೆದು ಕೊಟ್ಟು, ಆಮೇಲೆ ನನ್ನ ಕೈಯಲ್ಲಿದ್ದ ಕಟ್ಟು ನೋಡಿದಳು.

"ಗೋವಿನಕೋವೀದಾ? ಕೊಡಿಲ್ಲಿ."

ಪೆನ್ಸಿಲು ತೆಗೆದು ಗುರುತುಗಳನ್ನೆಲ್ಲ ನನಗೆ ಓದಿ ಹೇಳಿದಳು. ಇದು ಗಿರಣಿ, ಇದು ಕುಂಟ, ಇದು ಮೇಲಿನ ಓಣಿ, ಇದು ಸತ್ತುಹೋದವಳು. ಅರ್ಧ ಗಂಟೆ ಹಿಡಿಯಿತು. ನಾನು ಬರೆದುಕೊಂಡೆ. ಎಲ್ಲ ಮುಗಿದ ಮೇಲೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಶುರು ಮಾಡಿದೆ.

"ಅಕ್ಕ, ನಿಮ್ಮ ಹೆಸರು ತೆಗ್ದಿದ್ದು ನಾನಲ್ಲ."

"ಗೊತ್ತು. ಜಂಪಣ್ಣ ಬಂದು ಹೇಳಿ ಹೋದ."

"ಯಾವಾಗ?"

"ಹೋದ ತಿಂಗ್ಳೇ. ಇಲ್ಲೇ ಕೂತಿದ್ದ. ಬಾಯಿಗೆ ಬಂದಂಗೆ ಬೈದೆ. ಬೈಸ್ಕಂಡ. ಟೀ ತರಿಸ್ದ, ಕುಡ್ದೆ." ಅವಳು ಟೈಪ್‌ರೈಟರಿಗೆ ಹೊಸ ಹಾಳೆ ಸೇರಿಸಿ ನೇರ ಮಾಡಿದಳು. "ಅವ್ನು ಹೊಟ್ಟೆಕಿಚ್ಚಿಗೆ ಮಾಡ್ದ. ಕೆಲ್ಸ ಹೋಗುತ್ತೆ ಅಂತ ಹೆದ್ರಿ ಮಾಡ್ದ. ಅದು ನಂಗೆ ಅರ್ಥ ಆಗುತ್ತೆ. ನಾನು ನಿನ್ನ ಕೇಳಿದ್ದು ಮ್ಯಾನೇಜರ್ ಮುಂದೆ. ಒಂದು ಮಾತು ಕೇಳ್ದೆ. ನೀನು ಯಾಕಪ್ಪ ಏನಿಲ್ಲ ಅಂದೆ?"

ನನ್ನ ಹತ್ತಿರ ಉತ್ತರವಿತ್ತು. ‘ನನ್ನ ಹೆಸರೂ ಅದರಲ್ಲಿತ್ತು ಅಕ್ಕ.’ ಅದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. ಅವಳಿಗೆ ಅದೂ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ, ಜಂಪಣ್ಣ ಹೇಳಿರುತ್ತಾನೆ.

"ನಲ್ಲೂರಿನಾಗೆ ನಿಮ್ಮ ಕೋಣೆ..." ಎಂದೆ.

"ತಮ್ಮನ ಮಗ ಓದ್ಕಂತಾನೆ ಅಲ್ಲಿ. ಹೋಗಪ್ಪ, ಹಿಂದೆ ಜನ ನಿಂತವ್ರೆ."

ಹಿಂದೆ ನಿಜವಾಗಿಯೂ ಒಬ್ಬ ಮುದುಕ ಅರ್ಜಿ ಹಿಡಿದು ನಿಂತಿದ್ದ. ನಾನು ಸರಿದೆ.

ಮಹಡಿಗೆ ಬಂದು ಮೊದಲು ಮಾಡಿದ ಕೆಲಸ, ಪಟ್ಟಿಯಿಂದ ನನ್ನ ಹೆಸರು ಅಳಿಸಿದ್ದು. ತಿಂಗಳುಗಟ್ಟಲೆ ತಡವಾಗಿ. ಆಮೇಲೆ ಗೋವಿನಕೋವಿಯ ಕಟ್ಟು ಬಿಚ್ಚಿ, ಅವಳು ಹೇಳಿದ ಪ್ರಕಾರ ಮೊದಲಿನಿಂದ ಓದುತ್ತಾ ಕೂತೆ. ಕುಂಟ ಬೈಲಪ್ಪನನ್ನು ಬೇರೆ ಇಟ್ಟೆ, ಗಿರಣಿ ಬೈಲಪ್ಪನನ್ನು ಬೇರೆ ಇಟ್ಟೆ. ತಲೆಯೆತ್ತಿ ನೋಡಿದಾಗ ಪರದೆ ಖಾಲಿಯಾಗಿತ್ತು. ಒಳಗಿನ ಕಡತದಲ್ಲಿ ತಾರೀಖು, ಹೊತ್ತು, ಗಾದ್ರಪ್ಪ ಎಂದು ಬಿದ್ದಿರುತ್ತದೆ. ತಿಪ್ಪೇರುದ್ರಸ್ವಾಮಿ ಈಗ ಪ್ರತಿ ತಿಂಗಳೂ ಅದನ್ನು ಪ್ರಿಂಟು ತೆಗೆಸುತ್ತಿದ್ದ.

ಪಕ್ಕದ ಕುರ್ಚಿಯಿಂದ ಜಂಪಣ್ಣ ನೋಡಿದ. ಒಂದೂವರೆ ತಿಂಗಳಿಂದ ಮಾತಿರಲಿಲ್ಲ. ಡ್ರಾಯರ್ ಎಳೆದು ಗೋಟಡಿಕೆ ತೆಗೆದು ಮೇಜಿನ ಮೇಲೆ ನನ್ನ ಕಡೆಗೆ ಉರುಳಿಸಿದ. ಅದು ಕಟ್ಟಿಗೆ ತಾಗಿ ನಿಂತಿತು. ಕೀಲಿ ಒತ್ತಿ ಒತ್ತಿ ಒಂದು ಬದಿ ನುಣುಪಾಗಿತ್ತು.

ಓದಬೇಕಾದ ಫಾರಂ ಇನ್ನೂ ನೂರಿದ್ದವು. ನಾನು ಮತ್ತೆ ಒಳಗೆ ಹೋಗಿ, ಕರ್ಸರನ್ನು ಷರಾ ಕಾಲಮ್ಮಿಗೆ ತಂದು, ಅಡಿಕೆ ಸಿಕ್ಕಿಸಿದೆ.